ಗುಳಗಿ ನೆನಪಿಸುವ ಮೊಬೈಲು ಮತ್ತು ನಮ್ಮ ದಾಸೋಹ

(ರಾಯಬಾಗದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಶರಣರ ಚರಿತ್ರೆಯ ಮಾತು ನಡೆಯುತ್ತದೆ, ವಚನಗಳ ಚಿಂತನೆ ನಡೆಯುತ್ತದೆ. ಈ ಸಲ ಪೂಜ್ಯರು ನನಗೆ ಕೊಟ್ಟ ವಿಷಯ ಬೇರೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಬರೆದುಕೊಟ್ಟ ಪ್ರಕಾರವೇ ತೆಗೆದುಕೊಳ್ಳಲು ಮೊಬೈಲಿನೊಳಗಿನ ಮಾತನಾಡುವ ಸಹಾಯಕ ನೆರವಾಗಬಲ್ಲದೇ, ಮಠದಿಂದ ಅದನ್ನು ಜನರಿಗೆ ಕಲಿಸಬಹುದೇ ಎಂಬುದು ಪ್ರಶ್ನೆ. ನಮ್ಮ ತರುಣರು ಈಗಾಗಲೇ ಅಪ್ಪ, ಅಜ್ಜಿಯ ಮೊಬೈಲಿನಲ್ಲಿ ಇದನ್ನು ಹಾಕಿಕೊಡಲು ಶುರು ಮಾಡಿದ್ದಾರೆ. ಕೆಲವು ಹಿರಿಯರು ಸಂತೋಷಪಟ್ಟಿದ್ದಾರೆ, ಕೆಲವರು ಆ ದನಿ ಬಂದ ಕೂಡಲೇ ಫೋನನ್ನು ದಿಂಬಿನ ಕೆಳಗೆ ತುರುಕುತ್ತಾರೆ. ನಾನು ಔಷಧ ಕೊಡುವ ಕಾಯಕದವನು. ಗುಳಗಿ ಕೈಗೆ ಕೊಟ್ಟ ಮೇಲೆ ಅದು ಹೊಟ್ಟೆಗೆ ಹೋಯಿತೋ ಇಲ್ಲವೋ ಎಂಬ ಚಿಂತೆ ಈ ಕಾಯಕದಲ್ಲಿ ಇರುವವರಿಗೆಲ್ಲ ಇದ್ದೇ ಇರುತ್ತದೆ. ಅದಕ್ಕೇ ಒಪ್ಪಿಕೊಂಡೆ.

ಮೊದಲು ರೋಗ ಎಲ್ಲಿದೆ ಎಂದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಈ ಬಗ್ಗೆಯೇ ಒಂದು ವರದಿ ಹೊರಡಿಸಿತು. ವರ್ಷಗಟ್ಟಲೆ ಔಷಧ ತೆಗೆದುಕೊಳ್ಳಬೇಕಾದ ಕಾಯಿಲೆಗಳಲ್ಲಿ, ಶ್ರೀಮಂತ ದೇಶಗಳಲ್ಲಿಯೇ ಸುಮಾರು ಅರ್ಧ ಜನ ಮಾತ್ರ ಹೇಳಿದ ಪ್ರಕಾರ ತೆಗೆದುಕೊಳ್ಳುತ್ತಾರೆ, ಬಡ ದೇಶಗಳಲ್ಲಿ ಇನ್ನೂ ಕಡಿಮೆ ಎಂದು ಅದರಲ್ಲಿದೆ. ಅಂದರೆ ಇದು ನಮ್ಮ ಹಳ್ಳಿಯವರ ಅಜ್ಞಾನದ ಮಾತಲ್ಲ. ಓದಿದವರೂ ಬಿಡುತ್ತಾರೆ, ಉಳ್ಳವರೂ ಬಿಡುತ್ತಾರೆ.

ಆದರೆ ನಮ್ಮಲ್ಲಿ ಬಿಡುವ ರೀತಿಗಳು ನಮ್ಮವೇ. ಬಿಪಿ ತೋರಿಸಲು ಹೋದವರಿಗೆ ಡಾಕ್ಟರು ‘ಈಗ ಸರಿ ಇದೆ’ ಎನ್ನುತ್ತಾರೆ. ಅವರು ಮನೆಗೆ ಬಂದು ‘ಬಿಪಿ ಬರೋಬ್ಬರಿ ಐತಂತ ಹೇಳ್ಯಾರ, ಇನ್ಯಾಕ ಗುಳಗಿ?’ ಎಂದು ನಿಲ್ಲಿಸುತ್ತಾರೆ. ಗುಳಗಿ ತೆಗೆದುಕೊಂಡದ್ದಕ್ಕೇ ಅದು ಬರೋಬ್ಬರಿ ಇತ್ತು ಎಂಬುದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಕ್ಷಯದ ಔಷಧ ಆರು ತಿಂಗಳಿನದು. ಎರಡನೆಯ ತಿಂಗಳಿಗೆ ಜ್ವರ ಹೋಗುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ‘ಆರಾಮ ಆಗೇತಿ ಬಿಡ್ರಿ’ ಎಂದು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವರು ತಿರುಗಿ ಬರುವಾಗ ಆ ಔಷಧಕ್ಕೆ ಬಗ್ಗದ ಕ್ಷಯವನ್ನು ಹೊತ್ತು ತರಬಹುದು. ಆ ಔಷಧದಲ್ಲಿರುವ ರಿಫಾಂಪಿಸಿನ್ ಎಂಬುದು ಮೂತ್ರವನ್ನು ಕೇಸರಿ ಬಣ್ಣಕ್ಕೆ ತಿರುಗಿಸುತ್ತದೆ. ಅದು ಸಹಜ, ಅಪಾಯವಿಲ್ಲ. ಮೊದಲೇ ಹೇಳದಿದ್ದರೆ ಮನುಷ್ಯ ರಕ್ತ ಹೋಯಿತೆಂದು ಹೆದರಿ ಅವತ್ತೇ ಬಿಡುತ್ತಾನೆ. ಮೂರ್ಛೆರೋಗದ ಗುಳಗಿಯನ್ನು ‘ಎರಡ ವರ್ಷ ಆತು, ಒಮ್ಮಿನೂ ಬಂದಿಲ್ಲ’ ಎಂದು ತಾವಾಗಿಯೇ ನಿಲ್ಲಿಸಿ, ಬಾವಿಯ ದಂಡೆಯ ಮೇಲೆ ನಿಂತಾಗ ಫಿಟ್ಸ್ ಬಂದವರಿದ್ದಾರೆ.

ಇನ್ನೊಂದು ತೊಡಕು ನಮ್ಮ ಗಡಿ ಭಾಗಕ್ಕೇ ವಿಶೇಷ. ದೊಡ್ಡ ಕಾಯಿಲೆ ಎಂದರೆ ನಮ್ಮವರು ರಾಯಬಾಗ, ಚಿಂಚಲಿ, ಕುಡಚಿಯಲ್ಲಿ ಗಾಡಿ ಹತ್ತಿ ಮಿರಜಿಗೆ ಹೋಗುತ್ತಾರೆ. ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಹಿಡಿದಿರುವ ದಾರಿ ಅದು. ಅಲ್ಲಿ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ಕೇಳಿಸಿಕೊಳ್ಳುವ ಅಜ್ಜಿ ಕನ್ನಡದವಳು. ‘ಜೇವಣಾಚ್ಯಾ ಆಧಿ’ ಎಂದರೆ ಉಣ್ಣುವ ಮೊದಲು. ಅದನ್ನು ಉಂಡ ಮೇಲೆ ಎಂದು ತಿಳಿದರೆ ಮುಗಿಯಿತು. ಚೀಟಿಯ ಮೇಲೆ ಒಂದು, ಸೊನ್ನೆ, ಒಂದು ಎಂದು ಬರೆದಿರುತ್ತದೆ. ಮುಂಜಾನೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಅದನ್ನು ಓದಿ ಹೇಳುವ ಮೊಮ್ಮಗ ಪುಣೆಯಲ್ಲಿ ಕೆಲಸದಲ್ಲಿರುತ್ತಾನೆ.

ಈ ಪರಿಸ್ಥಿತಿಗೆ ಮೊಬೈಲು ಏನು ಮಾಡಬಲ್ಲದು?

ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಉಪಾಯದಿಂದ ಶುರು ಮಾಡುತ್ತೇನೆ. ಕ್ಷಯದ ಔಷಧವನ್ನು ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗಬೇಕು ಎಂಬುದು ಹಳೆಯ ಪದ್ಧತಿ. ಕೂಲಿ ಬಿಟ್ಟು ಬಂದು ನುಂಗುವುದು ಬಡವರಿಗೆ ಕಷ್ಟ. ಮೈಕ್ರೋಸಾಫ್ಟಿನ ಬೆಂಗಳೂರು ಸಂಶೋಧನಾ ಕೇಂದ್ರದವರು ‘ನೈನ್ಟಿನೈನ್ ಡಾಟ್ಸ್’ ಎಂಬ ವ್ಯವಸ್ಥೆ ಮಾಡಿದರು. ಗುಳಗಿಯ ಪಟ್ಟಿಗೆ ಒಂದು ದಪ್ಪ ಕಾಗದದ ಹೊದಿಕೆ. ಗುಳಗಿ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರು ಕಾಣಿಸುತ್ತದೆ. ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಕಾಸು ಖರ್ಚಿಲ್ಲ. ಇವತ್ತು ಗುಳಗಿ ತೆಗೆದಾಯಿತು ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಕರೆ ಬರದಿದ್ದರೆ ಅತ್ತ ಕಡೆಯಿಂದ ನೆನಪಿನ ಸಂದೇಶ ಬರುತ್ತದೆ. ಎಚ್‌ಐವಿಯ ಜೊತೆಗೆ ಕ್ಷಯವೂ ಇದ್ದವರಿಗೆ ಇದನ್ನು ಮೊದಮೊದಲು ಬಳಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಸ್ಮಾರ್ಟ್‌ಫೋನ್ ಬೇಡ, ಅಕ್ಷರ ಬೇಡ. ಬಡವರ ಮನೆಯ ಸ್ಥಿತಿ ನೋಡಿ ಮಾಡಿದ ಕೆಲಸ ಅದು, ನಾನು ಮೆಚ್ಚುತ್ತೇನೆ.

ಆಮೇಲೆ ಏನಾಯಿತು ನೋಡಿ. ಚೆನ್ನೈ, ವೆಲ್ಲೂರು, ಮುಂಬಯಿಯಲ್ಲಿ ಸಂಶೋಧಕರು ಮುಂಚಿತವಾಗಿ ತಿಳಿಸದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿ, ಅದನ್ನು ಕಂಪ್ಯೂಟರಿನ ಲೆಕ್ಕದ ಜೊತೆ ಹೋಲಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಗುಳಗಿ ನುಂಗಿದ ಬಹಳ ಜನ ಫೋನು ಮಾಡಿರಲಿಲ್ಲ. ಫೋನು ಮಾಡಿದ ಕೆಲವರು ಗುಳಗಿ ನುಂಗಿರಲಿಲ್ಲ. ಯಂತ್ರದ ಲೆಕ್ಕ ಒಂದು, ದೇಹದ ಲೆಕ್ಕ ಇನ್ನೊಂದು.

ಈಗ ಬಂದಿರುವ ಸಹಾಯಕರು ಇದಕ್ಕಿಂತ ಮುಂದೆ ಹೋಗಿದ್ದಾರೆ. ಗೂಗಲ್ಲಿನ ಜೆಮಿನಿ 2024ರ ಜೂನ್‌ನಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ‘ದಿನಾ ಮುಂಜಾನೆ ಎಂಟಕ್ಕೆ ನೆನಪಿಸು’ ಎಂಬಂಥ ಮಾತು ಮೊಬೈಲಿಗೆ ಈಗ ಹೊಸದಲ್ಲ. 2023ರಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಜನ ವಾರಗಟ್ಟಲೆ ಕೂತು ಕನ್ನಡದ ವಾಕ್ಯಗಳನ್ನು ಒಂದು ಆ್ಯಪಿನೊಳಗೆ ಓದಿದರು. ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಮಾತನಾಡಬಲ್ಲ ಚಾಟ್‌ಬಾಟ್ ಕಟ್ಟಲು ಆ ದನಿಗಳು ಬೇಕಾಗಿದ್ದವು. ಓದಿದವರಿಗೆ ಕೂಲಿಯೂ ಸಿಕ್ಕಿತು. ಯಂತ್ರದ ನಾಲಗೆಗೆ ಕನ್ನಡ ಕಲಿಸಿದವರು ಹೊಲಮನೆಯ ಹೆಣ್ಣುಮಕ್ಕಳು ಎಂಬುದನ್ನು ಮರೆಯಬಾರದು. ಆದರೆ ಯಂತ್ರ ಕಲಿತ ಕನ್ನಡ ಬಹುಪಾಲು ಪುಸ್ತಕದ ಕನ್ನಡ. ‘ಗುಳಗಿ’ ಎಂದರೆ ಅದು ತಡವರಿಸುತ್ತದೆ, ‘ಮಾತ್ರೆ’ ಎಂದರೆ ತಿಳಿಯುತ್ತದೆ. ‘ಹೊತ್ತ ಮುಳಗಿದ ಮ್ಯಾಲ’ ಎಂದರೆ ಎಷ್ಟು ಗಂಟೆ ಎಂದು ತಿರುಗಿ ಕೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಒಳನುಡಿಗಳನ್ನು ಧ್ವನಿಮುದ್ರಿಸುವ ಕೆಲಸ ಮಾಡಿದ್ದಾರೆ. ನಮ್ಮ ಮಾತು ಅದಕ್ಕೆ ತಿಳಿಯುವ ದಿನ ಬಂದೀತು. ಅಲ್ಲಿಯವರೆಗೆ ಹೊಂದಿಸಿ ಕೊಡಲು ಒಬ್ಬ ಹುಡುಗ ಪಕ್ಕದಲ್ಲಿ ಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೆನಪಿಸಿದರೆ ಜನ ಗುಳಗಿ ತೆಗೆದುಕೊಳ್ಳುತ್ತಾರೆಯೇ?

ಇದನ್ನು ನಮ್ಮಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಜೊತೆಗಾರರು ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ, ಎಚ್‌ಐವಿ ಔಷಧವನ್ನು ಹೊಸದಾಗಿ ಆರಂಭಿಸಿದ 631 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಎಂದಿನ ಆರೈಕೆಯ ಜೊತೆಗೆ ವಾರಕ್ಕೊಮ್ಮೆ ಯಂತ್ರದಿಂದ ಧ್ವನಿಕರೆ ಮತ್ತು ಒಂದು ಚಿತ್ರದ ಸಂದೇಶ. 96 ವಾರ, ಅಂದರೆ ಸುಮಾರು ಎರಡು ವರ್ಷ ಹೀಗೆ ನಡೆಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಯಂತ್ರ ಕರೆದವರೂ ಅಷ್ಟೇ ತಪ್ಪಿಸಿದರು, ಕರೆಯದವರೂ ಅಷ್ಟೇ ತಪ್ಪಿಸಿದರು. ಅವರ ರಕ್ತದಲ್ಲಿ ವೈರಸ್ಸು ಮತ್ತೆ ತಲೆ ಎತ್ತುವುದರಲ್ಲಿಯೂ ಭೇದ ಕಾಣಲಿಲ್ಲ.

ಇದಕ್ಕೂ ನಾಲ್ಕು ವರ್ಷ ಮೊದಲು, 2010ರಲ್ಲಿ, ಆಫ್ರಿಕಾದ ಕೆನ್ಯಾ ದೇಶದಿಂದ ಇನ್ನೊಂದು ಅಧ್ಯಯನ ಬಂದಿತ್ತು. ಅಲ್ಲಿಯೂ ಎಚ್‌ಐವಿ ಔಷಧವೇ, ಅಲ್ಲಿಯೂ ಮೂರು ಚಿಕಿತ್ಸಾಲಯ, 538 ಜನ, ವಾರಕ್ಕೊಂದು ಸಂದೇಶ. ಆದರೆ ಆ ಸಂದೇಶದಲ್ಲಿ ಔಷಧದ ಹೆಸರಿರಲಿಲ್ಲ, ಕಾಯಿಲೆಯ ಸುಳಿವಿರಲಿಲ್ಲ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ‘ಮಾಂಬೊ?’ ಎಂಬ ಒಂದೇ ಪದ. ನಮ್ಮ ಮಾತಿನಲ್ಲಿ ‘ಆರಾಮ ಅದೀರೇನ್ರಿ?’ ಅಂದ ಹಾಗೆ. ರೋಗಿ ಎರಡು ದಿನದೊಳಗೆ ಉತ್ತರ ಬರೆಯಬೇಕು. ಚೆನ್ನಾಗಿದ್ದೇನೆ ಅಥವಾ ತೊಂದರೆ ಇದೆ, ಇಷ್ಟೇ. ತೊಂದರೆ ಇದೆ ಎಂದವರಿಗೆ, ಉತ್ತರವೇ ಕೊಡದವರಿಗೆ ಚಿಕಿತ್ಸಾಲಯದಿಂದ ಮನುಷ್ಯರೇ ಫೋನು ಮಾಡುತ್ತಿದ್ದರು. ಈ ಗುಂಪಿನಲ್ಲಿ ನೂರಕ್ಕೆ 62 ಜನ ಔಷಧವನ್ನು ಸರಿಯಾಗಿ ತೆಗೆದುಕೊಂಡರು, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 50. ವೈರಸ್ಸು ಹತೋಟಿಗೆ ಬಂದವರೂ ಹೆಚ್ಚು.

ದೇಶ ಬೇರೆ, ಜನ ಬೇರೆ, ಎರಡು ಅಧ್ಯಯನಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಶಾಸ್ತ್ರಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೂ ಔಷಧ ಕೊಡುವ ಕೌಂಟರಿನಲ್ಲಿ ನಿಂತು ಕಂಡದ್ದರ ಆಧಾರದ ಮೇಲೆ ನಾನು ತಿಳಿದುಕೊಂಡದ್ದು ಇದು: ‘ಗುಳಗಿ ತಗೊಂಡ್ರೇನು?’ ಎಂದು ಯಂತ್ರ ಕೇಳಿದರೆ ‘ಹೂಂ’ ಎನ್ನಲು ಒಂದು ಗುಂಡಿ ಒತ್ತಿದರೆ ಮುಗಿಯಿತು. ‘ಆರಾಮ ಅದೀರೇನ್ರಿ?’ ಎಂದು ಮನುಷ್ಯ ಕೇಳಿದರೆ ಒಳಗಿನದು ಹೊರಗೆ ಬರುತ್ತದೆ. ಗುಳಗಿ ನುಂಗಿದರೆ ಹೊಟ್ಟೆ ಉರಿಯುತ್ತದೆ ಎಂದು ಬರುತ್ತದೆ. ರೊಕ್ಕ ಇರಲಿಲ್ಲ, ಹದಿನೈದು ದಿನದ್ದರ ಬದಲು ಐದು ದಿನದ್ದು ಕೊಂಡೆ ಎಂದು ಬರುತ್ತದೆ. ಹೊಸ ಸೊಸೆಯ ಎದುರು ನುಂಗಲು ನಾಚಿಕೆ ಎಂದು ಬರುತ್ತದೆ. ಮನಸ್ಸಿನ ಕಾಯಿಲೆಯ ಗುಳಗಿ ಅಂತ ಊರಿಗೆ ತಿಳಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂದು ಬರುತ್ತದೆ. ಇವುಗಳಲ್ಲಿ ಮರೆವು ಯಾವುದು? ಒಂದೂ ಅಲ್ಲ. ಮರೆತವನಿಗೆ ಗಂಟೆ ಬಾರಿಸಿದರೆ ಎಚ್ಚರಾಗುತ್ತಾನೆ. ಬೇಕೆಂದೇ ಬಿಟ್ಟವನಿಗೆ ಎಷ್ಟು ಬಾರಿಸಿದರೂ ಅದು ಬರೀ ಗದ್ದಲ. ದಿಂಬಿನ ಕೆಳಗೆ ಫೋನು ಹೋಗುವುದು ಅದಕ್ಕೇ.

ಹಾಗಂತ ಯಂತ್ರವನ್ನು ಬದಿಗಿಡಿ ಎನ್ನುವುದಿಲ್ಲ. ನಿಜವಾಗಿಯೂ ಮರೆಯುವವರಿದ್ದಾರೆ. ಎಂಬತ್ತು ವರ್ಷದ ಅಜ್ಜನಿಗೆ ದಿನಕ್ಕೆ ಏಳೆಂಟು ಗುಳಗಿ, ತೆಗೆದುಕೊಂಡೆನೋ ಇಲ್ಲವೋ ಎಂದು ಅನುಮಾನ ಬಂದು ಎರಡನೆಯ ಸಲ ನುಂಗುವ ಅಪಾಯ. ಅಂಥವರಿಗೆ ವಾರದ ಏಳು ದಿನಕ್ಕೆ ಏಳು ಮನೆಗಳಿರುವ ಡಬ್ಬಿ, ಜೊತೆಗೆ ಮೊಬೈಲಿನ ದನಿ, ಇವೆರಡೂ ಸೇರಿದರೆ ದೊಡ್ಡ ಉಪಕಾರ. ಕಣ್ಣು ಮಂಜಾದವರಿಗೆ ಮಾತನಾಡುವ ಸಹಾಯಕ ಊರುಗೋಲಿನ ಹಾಗೆ.

ಆದರೆ ಊರುಗೋಲು ಕೊಡುವವರು ಮೂರು ನಾಲ್ಕು ಸೂಕ್ಷ್ಮ ತಿಳಿದಿರಬೇಕು. ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಹೇಳಿಬಿಡುತ್ತೇನೆ. ಎಲ್ಲ ಗುಳಗಿಗಳೂ ದಿನಾ ನುಂಗುವವಲ್ಲ. ಕೀಲುಬಾವಿಗೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಗುಳಗಿ ಇದೆ, ಅದು ವಾರಕ್ಕೆ ಒಂದೇ ದಿನ. ಅದನ್ನು ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಜೀವವೇ ಹೋದ ಉದಾಹರಣೆಗಳು ಲೋಕದಲ್ಲೆಲ್ಲ ಇವೆ. ಮೊಮ್ಮಗ ಅವಸರದಲ್ಲಿ ‘ದಿನಾ’ ಎಂದು ಹೊಂದಿಸಿ ಪುಣೆಗೆ ಹೋದರೆ, ಮೊಬೈಲು ಬೇಸರವಿಲ್ಲದೆ ದಿನಾ ಹೇಳುತ್ತದೆ, ಅಜ್ಜಿ ನಂಬಿಕೆಯಿಂದ ದಿನಾ ನುಂಗುತ್ತಾಳೆ. ತಪ್ಪು ಮಾತನ್ನು ಇಷ್ಟು ನಿಷ್ಠೆಯಿಂದ ಹೇಳುವ ಆಳು ಇನ್ನೊಬ್ಬನಿಲ್ಲ. ಡಾಕ್ಟರು ಗುಳಗಿ ಬದಲಿಸಿದ ಮೇಲೂ ಹಳೆಯದನ್ನೇ ಹೇಳುತ್ತಿರುತ್ತದೆ. ಆದ್ದರಿಂದ ಮೊಬೈಲಿಗೆ ಹಾಕಿದ್ದನ್ನು ಚೀಟಿಯ ಜೊತೆ ಇಬ್ಬರು ಕೂತು ತಾಳೆ ನೋಡಬೇಕು. ಪ್ರತಿ ಸಲ ದವಾಖಾನೆಗೆ ಹೋಗಿ ಬಂದ ದಿನವೇ ಮತ್ತೆ ನೋಡಬೇಕು.

ಉಪವಾಸದ ಮಾತು ನಮ್ಮವರಿಗೆ ಬೇಕು. ಶ್ರಾವಣ ಸೋಮವಾರ, ಶಿವರಾತ್ರಿ. ಸಕ್ಕರೆ ಕಾಯಿಲೆಯ ಕೆಲವು ಗುಳಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಉಣ್ಣದೆ ಇದ್ದರೆ ಸಕ್ಕರೆ ತೀರಾ ಇಳಿದು, ಮೈ ಬೆವೆತು, ಎಚ್ಚರ ತಪ್ಪುತ್ತದೆ. ಇವತ್ತು ಅಜ್ಜಿ ಉಪವಾಸ ಎಂದು ಮೊಬೈಲಿಗೆ ಗೊತ್ತಿಲ್ಲ, ಅದು ಎಂಟು ಗಂಟೆಗೆ ಹೇಳಿಯೇ ಹೇಳುತ್ತದೆ. ಅಂಥ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಮುಂಚೆಯೇ ಕೇಳಿ ಬರೆಸಿಕೊಂಡು ಬರಬೇಕು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಸಕ್ಕರೆ ಕಾಯಿಲೆಯವರು ಉಪವಾಸವನ್ನೇ ಬಿಡುವುದು ಶರಣಮಾರ್ಗಕ್ಕೆ ಹೆಚ್ಚು ಹತ್ತಿರ. ದೇಹವನ್ನು ದಂಡಿಸಿ ದೇವರನ್ನು ಒಲಿಸಿಕೊಳ್ಳುವ ದಾರಿಯನ್ನು ನಮ್ಮ ಶರಣರು ಹಿಡಿಯಲಿಲ್ಲ.

ಇನ್ನು ಗುಟ್ಟಿನ ಮಾತು. ಪಡಸಾಲೆಯಲ್ಲಿ ನಾಲ್ಕು ಜನ ಬೀಗರು ಕೂತಾಗ ಮೊಬೈಲು ಗಟ್ಟಿಯಾಗಿ ಕಾಯಿಲೆಯ ಗುಳಗಿಯ ಹೆಸರು ಹೇಳಿದರೆ ಏನಾದೀತು? ಎಷ್ಟೋ ಮನೆಗಳಲ್ಲಿ ಮನೆಗೆಲ್ಲ ಒಂದೇ ಫೋನು, ಅದೂ ಗಂಡನ ಅಥವಾ ಮಗನ ಕಿಸೆಯಲ್ಲಿ. ಹೆಣ್ಣುಮಗಳ ಗುಳಗಿಯ ನೆನಪು ಹೊಲದಲ್ಲೋ ಕಾರ್ಖಾನೆಯಲ್ಲೋ ಬಾರಿಸುತ್ತದೆ. ಆದ್ದರಿಂದ ನೆನಪಿನ ಮಾತು ‘ಎಂಟು ಗಂಟೆ ಆಯಿತು’ ಎಂಬಷ್ಟೇ ಇರಲಿ. ಕಾಯಿಲೆಯ ಹೆಸರನ್ನೂ ಗುಳಗಿಯ ಹೆಸರನ್ನೂ ಮೊಬೈಲಿಗೆ ಹೇಳಬೇಡಿ. ನೀವು ಆಡಿದ ಮಾತು ಆ ಕಂಪನಿಯ ಯಂತ್ರಗಳಿಗೂ ಹೋಗುತ್ತದೆ. ಹಾಗೆಯೇ ‘ಈ ಗುಳಗಿ ಬಿಡಲೇ, ಅರ್ಧ ಮಾಡಲೇ’ ಎಂದು ಅದನ್ನು ಕೇಳಬೇಡಿ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಹಾಗೆ ಹೇಳುವ ಚಾಳಿ ಅದಕ್ಕಿದೆ. ನೆನಪಿಸುವ ಕೆಲಸ ಅದಕ್ಕಿರಲಿ, ನಿರ್ಧರಿಸುವ ಕೆಲಸ ಡಾಕ್ಟರಿಗಿರಲಿ.

ಈಗ ಸ್ವಲ್ಪ ಕಟು ಮಾತು ಆಡುತ್ತೇನೆ, ಪೂಜ್ಯರು ಮನ್ನಿಸಬೇಕು. ಗುಳಗಿ ಬಿಡಿಸುವವರಲ್ಲಿ ನಾವೂ ಇದ್ದೇವೆ. ನಮ್ಮ ಮಠಗಳ ಅಂಗಳದಲ್ಲಿ, ಜಾತ್ರೆಗಳಲ್ಲಿ, ‘ಈ ಬೇರು ಅರೆದು ಕುಡಿ, ಸಕ್ಕರೆ ಗುಳಗಿ ಬಿಡು’ ಎಂದು ಹೇಳುವವರಿಗೆ ನಾವು ಜಾಗ ಕೊಟ್ಟಿದ್ದೇವೆ. ವಿಭೂತಿ ಹಚ್ಚಿಕೊಂಡರೆ ಗುಣವಾಗುತ್ತದೆ ಎಂದು ಹೇಳುವ ಕಾವಿಧಾರಿಗಳೂ ಇದ್ದಾರೆ. ವಿಭೂತಿ ನಮ್ಮ ಅಷ್ಟಾವರಣದಲ್ಲಿ ಒಂದು, ಅದಕ್ಕೆ ಅದರದೇ ಸ್ಥಾನವಿದೆ. ಕ್ಷಯದ ಕ್ರಿಮಿಯನ್ನು ಕೊಲ್ಲುವ ಕೆಲಸವನ್ನು ಅದಕ್ಕೆ ಹಚ್ಚುವುದು ವಿಭೂತಿಗೂ ಅವಮಾನ, ರೋಗಿಗೂ ಮೋಸ. ಪಂಚಾಂಗ, ಶಕುನ, ಹಣೆಬರಹಗಳನ್ನು ತಳ್ಳಿಹಾಕಿದ ಶರಣರ ಹೆಸರು ಹೇಳಿಕೊಂಡು, ‘ಬಂದದ್ದು ಕರ್ಮ, ಹೋಗುವಾಗ ಹೋಗುತ್ತದೆ’ ಎನ್ನುವುದು ಯಾವ ನ್ಯಾಯ? ಕಲ್ಯಾಣದ ಶರಣರ ನಡುವೆ ವೈದ್ಯ ಸಂಗಣ್ಣನವರಿದ್ದರು. ಔಷಧ ಕೊಡುವುದೇ ಅವರ ಕಾಯಕ, ಅವರ ವಚನಗಳಲ್ಲಿಯೂ ರೋಗ, ಔಷಧ, ಪಥ್ಯದ ಮಾತೇ. ವೈದ್ಯನ ಕಾಯಕಕ್ಕೆ ಅನುಭವ ಮಂಟಪದ ಪರಂಪರೆ ಕೊಟ್ಟ ಗೌರವವನ್ನು ನಾವು ಉಳಿಸಿಕೊಳ್ಳಬೇಕು. ಯಂತ್ರ ದಿನಾ ನೆನಪಿಸಲಿ, ಸ್ವಾಮಿಗಳೊಬ್ಬರು ಒಮ್ಮೆ ‘ಬಿಡು’ ಅಂದರೆ ಭಕ್ತರು ಬಿಟ್ಟೇಬಿಡುತ್ತಾರೆ. ಅದೇ ಸ್ವಾಮಿಗಳು ಒಮ್ಮೆ ‘ಬಿಡಬ್ಯಾಡವ್ವಾ’ ಅಂದರೆ? ಆ ಶಕ್ತಿ ಯಾವ ಮೊಬೈಲಿಗೂ ಇಲ್ಲ. ತಾಲೂಕಿನ ಎಲ್ಲ ಪೂಜ್ಯರೂ ಆಶೀರ್ವಚನದಲ್ಲಿ ವರ್ಷಕ್ಕೆ ಎರಡು ಸಲವಾದರೂ ಈ ಮಾತು ಆಡಬೇಕೆಂದು ಈ ವೇದಿಕೆಯಿಂದಲೇ ಬಿನ್ನಹ ಮಾಡುತ್ತೇನೆ.

ಇನ್ನೊಂದು ಕಡೆಯ ಅತಿಯೂ ಇದೆ. ಬೇಗ ಗುಣವಾಗಲಿ ಎಂದು ಒಂದರ ಬದಲು ಎರಡು ನುಂಗುವವರು, ತಪ್ಪಿದ್ದನ್ನು ಸೇರಿಸಿ ರಾತ್ರಿ ಒಮ್ಮೆಲೇ ನುಂಗುವವರು, ತಮಗೆ ಬರೆದ ಗುಳಗಿಯನ್ನು ಪಕ್ಕದ ಮನೆಯವರಿಗೆ ದಾನ ಮಾಡುವವರು. ಮಾರಯ್ಯ ಶರಣರು ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ತಿರುಗಿ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಅಳತೆ ಮೀರಿದ ಅಕ್ಕಿಯೇ ಬೇಡವಾದರೆ ಅಳತೆ ಮೀರಿದ ಗುಳಗಿ ಹೇಗೆ ಬೇಕಾದೀತು?

ಹಾಗಾದರೆ ಮಠದಿಂದ ಏನು ಮಾಡಬಹುದು? ಹೊಸ ಆ್ಯಪು ಕಟ್ಟಿಸುವುದು, ದೊಡ್ಡ ಸಮಾರಂಭ ಮಾಡಿ ಫೋನು ಹಂಚಿ ಫೋಟೊ ತೆಗೆಸಿಕೊಳ್ಳುವುದು, ಇದ್ಯಾವುದೂ ಬೇಡ. ತರುಣರು ಹೊಂದಿಸಿ ಕೊಡಲಿ, ಅಕ್ಕನ ಬಳಗದವರು ಆರಾಮ ಕೇಳಲಿ. ಒಬ್ಬ ತಾಯಿಗೆ ನಾಲ್ಕೈದು ಮನೆ ಸಾಕು. ವಾರಕ್ಕೊಮ್ಮೆ ಹೋಗಿ ಅಥವಾ ಫೋನು ಮಾಡಿ ‘ಆರಾಮ ಅದೀರೇನ್ರಿ ಆಯಿ?’ ಎಂದು ಕೇಳುವುದು. ಗುಳಗಿ ಎಣಿಸಲು ಕೂಡುವುದಲ್ಲ, ಬೈಯುವುದಂತೂ ಅಲ್ಲವೇ ಅಲ್ಲ. ಬೈದರೆ ಮುಂದಿನ ವಾರದಿಂದ ಸುಳ್ಳು ಹೇಳಲು ಶುರು ಮಾಡುತ್ತಾರೆ. ಕೇಳಿದ್ದು ಬಾಯಿಂದ ಆಚೆ ಹೋಗಬಾರದು. ಊರೆಲ್ಲ ಹೇಳುವ ಸ್ವಭಾವದವರಿಗೆ ಈ ದಾಸೋಹ ವಹಿಸಬೇಡಿ, ಅವರಿಗೆ ಬೇರೆ ಸೇವೆ ಇದೆ.

ತೊಂದರೆ ಇದೆ ಎಂದು ತಿಳಿದ ಮೇಲೆ ಅದನ್ನು ಎಲ್ಲಿಗೆ ಒಯ್ಯಬೇಕು ಎಂಬುದೂ ಗೊತ್ತಿರಬೇಕು. ರೊಕ್ಕದ ತೊಂದರೆ ಇದ್ದರೆ ಸರಕಾರಿ ದವಾಖಾನೆಯಲ್ಲಿ ಬಿಪಿ, ಸಕ್ಕರೆಯ ಔಷಧ ಪುಕ್ಕಟೆ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡಿ ಔಷಧ ಕೊಡುವ ಉದ್ದೇಶದ್ದು, ನಮ್ಮೂರಿನ ಆಶಾ ತಾಯಂದಿರನ್ನು ಕೇಳಿ. ಕ್ಷಯದ ಔಷಧಕ್ಕೆ ಕಾಸಿಲ್ಲ, ಮೇಲೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಕ್ಷಯದ ಬಗ್ಗೆ ಕೇಳಲು ಪುಕ್ಕಟೆ ನಂಬರು 1800-11-6666. ಗುಳಗಿಯಿಂದ ಹೊಟ್ಟೆ ಉರಿ, ತಲೆ ಸುತ್ತು ಎಂದರೆ ‘ಸಹಿಸಿಕೊಳ್ಳಿ’ ಎನ್ನಬೇಡಿ, ‘ಬಿಟ್ಟುಬಿಡಿ’ ಎಂದೂ ಎನ್ನಬೇಡಿ, ದವಾಖಾನೆಗೆ ಕರೆದುಕೊಂಡು ಹೋಗಿ. ಬಹಳ ಸಲ ಬೇರೆ ಗುಳಗಿ ಇರುತ್ತದೆ. ಕಬ್ಬಿನ ಗ್ಯಾಂಗಿನ ಜೊತೆ ಹೋಗುವವರು ಹೊರಡುವ ಮುಂಚೆಯೇ ಹೇಳಿದರೆ ಹೆಚ್ಚು ದಿನದ ಔಷಧ ಕೊಡುತ್ತಾರೆ, ಹೋದ ಊರಿನ ಕೇಂದ್ರದಲ್ಲಿಯೂ ವ್ಯವಸ್ಥೆ ಮಾಡುತ್ತಾರೆ. ದೀಪಾವಳಿಗೆ ಮುಂಚೆ ಈ ಒಂದು ಮಾತನ್ನು ಗಲ್ಲಿ ಗಲ್ಲಿಗೆ ಮುಟ್ಟಿಸಬೇಕು.

ಇಷ್ಟಲಿಂಗ ಪೂಜೆಯ ಬಗ್ಗೆ ಒಂದು ಸಣ್ಣ ಸಲಹೆ. ನಮ್ಮ ಹಿರಿಯರು ಊಟ ತಪ್ಪಿಸಿಯಾರು, ಪೂಜೆ ತಪ್ಪಿಸುವುದಿಲ್ಲ. ದಿನಾ ಅದೇ ಹೊತ್ತು, ಅದೇ ಜಾಗ. ಗುಳಗಿಯ ಡಬ್ಬಿಯನ್ನು ಪೂಜಾ ಸಾಮಾನಿನ ಪಕ್ಕದಲ್ಲಿ ಇಟ್ಟುಕೊಳ್ಳಿ. ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕಾದ ಥೈರಾಯ್ಡ್ ಗುಳಗಿಯನ್ನು ಪೂಜೆಗೆ ಕೂಡುವ ಮುಂಚೆ ನುಂಗಿದರೆ, ಪೂಜೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಬೇಕಾದ ಅರ್ಧ ತಾಸು ಕಳೆದಿರುತ್ತದೆ. ಉಂಡ ಮೇಲಿನದು ಪ್ರಸಾದದ ನಂತರ. ಹೀಗೆ ಹೊಂದಿಸಿಕೊಂಡವರಿಗೆ ಮೊಬೈಲಿನ ನೆನಪು ಬೇಕಾಗದೆಯೂ ಇರಬಹುದು. ಬೇಡವಾದರೆ ತೆಗೆದುಹಾಕಿ, ಅದಕ್ಕೇನೂ ಸಿಟ್ಟು ಬರುವುದಿಲ್ಲ.

ಮುಂದಿನ ಗೋಷ್ಠಿಗೆ ಬರುವಾಗ ಮನೆಯಲ್ಲಿರುವ ಗುಳಗಿಯ ಚೀಲವನ್ನೂ ಡಾಕ್ಟರ ಚೀಟಿಗಳನ್ನೂ ತನ್ನಿ. ಮಿರಜಿನದಿರಲಿ, ಬೆಳಗಾವಿಯದಿರಲಿ, ಹಳೆಯದಾದರೂ ಇರಲಿ. ಫೋನಿದ್ದವರು ಫೋನು ತನ್ನಿ, ಇಲ್ಲದವರು ಹಾಗೆಯೇ ಬನ್ನಿ. ಪ್ರಸಾದಕ್ಕೆ ಮುಂಚೆ ಒಂದು ತಾಸು ಪಡಸಾಲೆಯಲ್ಲಿ ಕೂಡೋಣ. ಇಬ್ಬರು ತರುಣರು ಚೀಟಿ ಓದಲು ಒಪ್ಪಿದ್ದಾರೆ, ತಾಳೆ ನೋಡಲು ನಾನಿರುತ್ತೇನೆ. ಎಲ್ಲರೆದುರು ತೋರಿಸಲು ಸಂಕೋಚವಿದ್ದವರಿಗೆ ಒಳಗಿನ ಕೋಣೆಯನ್ನು ಬಿಟ್ಟುಕೊಡಲು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ.